ಹೆಣ್ಣು ನೋಡಲು ಹೋಗಿ ಪ್ರೋಗ್ರಾಂ ಬರೆದದ್ದು

ಕೆರೆಯಲ್ಲಿ ತಾನಾಗಿಯೇ ಈಜು ಕಲಿತವನನ್ನು ಜನ ಭೇಷ್ ಎನ್ನುತ್ತಾರೆ. ಅಡುಗೆಭಟ್ಟರನ್ನು ಯಾವ ಕಾಲೇಜು ಎಂದು ಕೇಳದೆ ಎರಡು ಸಲ ಸಾರು ಹಾಕಿಸಿಕೊಳ್ಳುತ್ತಾರೆ. ಕಂಪ್ಯೂಟರನ್ನು ನಾನೇ ಕಲಿತೆ ಎಂದರೆ ಮಾತ್ರ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ. ನಾನೇನೂ ಕಮ್ಮಿಯಲ್ಲ. ಕಾಲೇಜಿಗೆ ಹೋಗಿ ಕಂಪ್ಯೂಟರ್ ಕಲಿತೆ ಎನ್ನುವವರನ್ನು ಕಂಡರೆ ನನಗೂ ಅಷ್ಟೇ ಅನುಮಾನ. ನೀರಿಗಿಳಿಯದೆ ಈಜಿನ ಪರೀಕ್ಷೆ ಬರೆದವರೇ ಅವರಲ್ಲಿ ಹೆಚ್ಚು.

ತೊಂಬತ್ತರ ದಶಕದ ಕೊನೆಯ ಮಾತು. ಅರಸೀಕೆರೆಯ ಕೊಬ್ಬರಿ ಮಂಡಿಯೊಂದರಲ್ಲಿ ನಾನು ಗುಮಾಸ್ತ. ಪಕ್ಕದ ಮಂಡಿಯವರು ತಂದರೆಂದು ನಮ್ಮ ಸಾಹುಕಾರರೂ ಒಂದು ಕಂಪ್ಯೂಟರ್ ತಂದು, ಅದಕ್ಕೆ ಕುಂಕುಮವಿಟ್ಟು, ಚಪ್ಪಲಿ ಹೊರಗೆ ಬಿಡಬೇಕೆಂದು ಕಟ್ಟಪ್ಪಣೆ ಮಾಡಿ, ಆಮೇಲೆ ಅದರ ಗೊಡವೆಗೇ ಹೋಗಲಿಲ್ಲ. ಬಿ.ಎ. ಓದಿದ ನಾನು ಅದರ ಮುಂದೆ ಕೂತು, ಒಂದು ಒತ್ತಿ, ತಪ್ಪೆಂದು ಅದು ಕಿರುಚಿದರೆ ಇನ್ನೊಂದು ಒತ್ತಿ, ಕೊನೆಗೆ ಮಂಡಿಯ ಬಿಲ್ಲುಗಳನ್ನೆಲ್ಲ ತಾನೇ ಮಾಡುವಂಥ ಪ್ರೋಗ್ರಾಂ ಬರೆದೆ. ಮಾಡುತ್ತಿತ್ತು. ಹೇಗೆ ಮಾಡುತ್ತಿತ್ತು ಎಂದು ಮಾತ್ರ ಕೇಳಬಾರದಾಗಿತ್ತು.

ಕೇಳಿದರು, ಹಳೇಬೀಡಿಗೆ ಹೆಣ್ಣು ನೋಡಲು ಹೋದಾಗ. ಹುಡುಗಿ ಸುಮಾ ಉಪ್ಪಿಟ್ಟು ತಂದಿಟ್ಟು ಕೂತಳು. ನೋಡಿದೊಡನೆ ಇವಳೇ ಆಗಬೇಕು ಅನ್ನಿಸಿಬಿಟ್ಟಿತು. ಅಲ್ಲಿಗೆ ನನ್ನ ಧೈರ್ಯ ಹೋಯಿತು. ಅವಳ ತಂದೆ ನಿವೃತ್ತ ಮೇಷ್ಟ್ರು. "ಕಂಪ್ಯೂಟರ್ ಹೇಳಿಕೊಟ್ಟ ಗುರುಗಳು ಯಾರು?" ಎಂದರು. "ಯಾರೂ ಇಲ್ಲ ಸಾರ್, ನಾನೇ ಕಲಿತೆ" ಎಂದೆ. "ಹಂಗಾದ್ರೆ ತಿದ್ದಿದೋರು ಯಾರು?" ಎಂದರು. ನಾನು ಉಪ್ಪಿಟ್ಟಿಗೆ ಕೈ ಹಾಕಿದೆ. ಮೇಷ್ಟ್ರು ನನ್ನನ್ನು ಕನ್ನಡಕದ ಮೇಲಿನಿಂದ ನೋಡಿ, ಬೇಲೂರಿನಿಂದ ಬಂದಿದ್ದ ತಮ್ಮ ಅಣ್ಣನ ಮಗ, ಕಂಪ್ಯೂಟರಿನಲ್ಲೇ ಬಿ.ಇ. ಮಾಡಿದ್ದ ಪ್ರಸನ್ನನನ್ನು ಕರೆದರು. ಸಂತೆಯಲ್ಲಿ ಎತ್ತಿನ ಹಲ್ಲು ನೋಡಲು ಹೇಳುವ ಹಾಗೆ, "ಸ್ವಲ್ಪ ನೋಡಪ್ಪ" ಎಂದರು.

ಪ್ರಸನ್ನ ಬಿಳಿಹಾಳೆ ಕೊಟ್ಟ. "ಹತ್ತು ಸಂಖ್ಯೆಯಲ್ಲಿ ದೊಡ್ಡದು ಯಾವುದು ಅಂತ ಹುಡುಕೋ ಪ್ರೋಗ್ರಾಂ ಬರೀರಿ." ಹಾಳೆಯ ಮೇಲೆ! ನನ್ನ ವಿದ್ಯೆಯೆಲ್ಲ ಬೆರಳಿನಲ್ಲಿತ್ತು. ಪೆನ್ನು ಹಿಡಿದರೆ ತಲೆ ಖಾಲಿ. ಎಡಗೈ ಬೆರಳುಗಳು ತೊಡೆಯ ಮೇಲೆ ತಾವಾಗಿಯೇ ಕುಟ್ಟತೊಡಗಿದವು. ಮೂಲೆಯಲ್ಲಿದ್ದ ಸುಮಾಳ ಅಜ್ಜಿ, "ಅಯ್ಯೋ, ಹುಡುಗ್ನಿಗೆ ಫಿಟ್ಸ್ ಐತೆ ಕಣೋ, ಕೈಗೆ ಕಬ್ಬಿಣ ಕೊಡ್ರೋ!" ಎಂದು ಕೂಗಿಕೊಂಡರು. ಯಾರೋ ಬೀಗದ ಕೈ ತಂದು ಹಿಡಿಸಿಯೂಬಿಟ್ಟರು. "ಮಂಡಿಗೆ ಬನ್ನಿ, ಕಂಪ್ಯೂಟರಲ್ಲೇ ತೋರಿಸ್ತೀನಿ" ಎಂದು ಬೇಡಿಕೊಂಡೆ.

ಮುಂದಿನ ಭಾನುವಾರ ಮೇಷ್ಟ್ರು, ಪ್ರಸನ್ನ, ಸೀರೆ ಕೊಳ್ಳುವ ನೆಪದಲ್ಲಿ ಸುಮಾ ಮೂವರೂ ಬಂದರು. ನಾನು ಟಪಟಪ ಕುಟ್ಟಿ ತೋರಿಸಿದೆ. ಮೇಷ್ಟ್ರ ಅನುಮಾನ ತೀರಲಿಲ್ಲ. "ಪ್ರಸನ್ನ, ನೀನೂ ಒಂದು ಮಾಡು, ಹೋಲಿಸಿ ನೋಡೋಣ" ಎಂದರು. ಪ್ರಸನ್ನ ಒಂದೊಂದೇ ಅಕ್ಷರ ಹುಡುಕುತ್ತಾ ಒಂದೇ ಬೆರಳಲ್ಲಿ ಒತ್ತಿ, ಬೆವೆತ. ಅವನ ಕಾಲೇಜಿನಲ್ಲಿ ಒಂದು ಕಂಪ್ಯೂಟರಿಗೆ ಒಂದು ಗುಂಪು ಹುಡುಗರಂತೆ. ಇವನು ಹಿಂದಿನಿಂದ ಇಣುಕಿಯೇ ಫಸ್ಟ್ ಕ್ಲಾಸ್ ಬಂದವನು. ನನ್ನ ಕಿವಿಯಲ್ಲಿ, "ರೀ, ಅದು ಹೇಗೆ ನಡೆಯುತ್ತೆ ಅಂತ ನಿಮಗೂ ಗೊತ್ತಿಲ್ಲ. ನಾನೂ ಏನೂ ಹೇಳಲ್ಲ, ನೀವೂ ಹೇಳ್ಬೇಡಿ" ಎಂದ. ಆಮೇಲೆ ಗಟ್ಟಿಯಾಗಿ, "ಚಿಕ್ಕಪ್ಪ, ಹುಡುಗ ಪರವಾಗಿಲ್ಲ" ಎಂದ. ಮದುವೆಯಾಯಿತು.

ಪ್ರಸನ್ನನೇ ನನ್ನನ್ನು ದಡ ಹತ್ತಿಸಿದ್ದೆಂದು ಬಹಳ ವರ್ಷ ನಂಬಿದ್ದೆ. ಮೊನ್ನೆ ಆ ಗುಟ್ಟನ್ನು ಸುಮಾಳಿಗೆ ಹೇಳಿ ನಕ್ಕೆ. ಅವಳು ನಗಲಿಲ್ಲ.

"ನಿಮ್ಮಿಬ್ಬರಿಗೂ ಅರ್ಧರ್ಧ ಬರೋದು ಅಂತ ನಂಗೆ ಅವತ್ತೇ ಗೊತ್ತಾಯ್ತು. ನಾನು ನೋಡ್ತಿದ್ದಿದ್ದೇ ಬೇರೆ."

"ಏನು ನೋಡ್ತಿದ್ದೆ?"

"ಈಗ ಅದೆಲ್ಲ ಯಾಕೆ? ಪಾಸಾದ್ರಲ್ಲ" ಎಂದು ಒಗ್ಗರಣೆ ಹಾಕಲು ಒಳಗೆ ಹೋದಳು.

ಅವಳ ಪರೀಕ್ಷೆಯ ಪ್ರಶ್ನೆ ಏನಿತ್ತೆಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಪಾಸಾದದ್ದು ಸ್ವಂತ ಬಲದಿಂದಲೋ, ಗ್ರೇಸ್ ಮಾರ್ಕ್ಸಿನಿಂದಲೋ ಎಂದು ಕೇಳುವ ಧೈರ್ಯವೂ ಇಲ್ಲ.