ಪೋರ್ಟ್ ಲೂಯಿಸ್‌ನ ಡೋಡೋ ಮತ್ತು ನಮ್ಮ ಎದುರುಮನೆಯವರು

ಗೆ,
ಶ್ರೀಯುತ ಡೋಡೋ ಪಕ್ಷಿಯವರು,
ಗಾಜಿನ ಪೆಟ್ಟಿಗೆ, ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ,
ಪೋರ್ಟ್ ಲೂಯಿಸ್, ಮಾರಿಷಸ್.

ಡಿಡ್ಸ್‌ಬರಿ, ಮ್ಯಾಂಚೆಸ್ಟರ್
ಮಾರ್ಚ್ ೨೦೦೬

ಮಾನ್ಯರೇ,

ತಮ್ಮ ದಿವ್ಯ ಕೊಕ್ಕಿಗೆ ನನ್ನ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಕುಲವೇ ಅಳಿದು ಮುನ್ನೂರು ವರ್ಷದ ಮೇಲಾಗಿರುವುದರಿಂದ ಇನ್ನು ಹೊಸದಾಗಿ ಏನಾದರೂ ಆಗುವ ಸಂಭವವೂ ಕಡಿಮೆ. ಇತ್ತ ನಾನು, ಅಂದರೆ ಆಪರೇಷನ್ನಿಗೆ ಮುಂಚೆ ಜನರಿಗೆ ಅರಿವಳಿಕೆ ಕೊಟ್ಟು ಮಲಗಿಸುವ ಡಾಕ್ಟರ್ ಅಮಾನುಲ್ಲಾ, ಸ್ವಂತ ನಿದ್ದೆ ಕೆಡಿಸಿಕೊಂಡು ಕೂತಿದ್ದೇನೆ, ಅದಕ್ಕೆ ನೇರ ಕಾರಣ ತಾವು. ಮನೆಯಲ್ಲಿ ದಖ್ಖನಿಯನ್ನೂ ಆಸ್ಪತ್ರೆಯಲ್ಲಿ ಇಂಗ್ಲಿಷನ್ನೂ ಮಾತಾಡುವ ನಾನು ದೂರನ್ನು ಮಾತ್ರ ಕನ್ನಡದಲ್ಲೇ ಬರೆಯುವವನು. ಬೀದಿದೀಪ ಕೆಟ್ಟರೆ ಪುರಸಭೆಗೆ ಹೇಗೆ ಬರೆಯಬೇಕೆಂದು ತಿಪಟೂರಿನ ಹೈಸ್ಕೂಲಿನಲ್ಲಿ ಚಂದ್ರಪ್ಪ ಮೇಷ್ಟ್ರು ಬೆನ್ನಿಗೆ ಗುದ್ದಿ ಕಲಿಸಿದ ಮೇಲೆ, ಬೇರೆ ಯಾವ ಭಾಷೆಯಲ್ಲೂ ನನಗೆ ಸರಿಯಾಗಿ ಸಿಟ್ಟು ಬರುವುದಿಲ್ಲ.

ವಿಷಯಕ್ಕೆ ಬರುವ ಮುನ್ನ ನನ್ನ ಹೆಂಡತಿ ಫರೀದಾಳ ಬಗ್ಗೆ ಎರಡು ಮಾತು. ಅವಳು ಇಲ್ಲಿ ಫಾರ್ಮಸಿಸ್ಟ್. ಮದುವೆಯಾದಾಗಿನಿಂದ ನಮ್ಮ ವರ್ಷದ ರಜೆಯೆಲ್ಲ ತಿಪಟೂರಿನ ಮದುವೆಮನೆಗಳಿಗೇ ಅರ್ಪಣೆ. ಅಲ್ಲಿ ನನ್ನ ರಜೆ ಎಂದರೆ ಬಿರಿಯಾನಿ ಉಂಡು ಫ್ಯಾನಿನ ಕೆಳಗೆ ಕಾಲು ಚಾಚುವುದು. ಅವಳ ರಜೆ ಎಂದರೆ ಓಣಿಯವರೆಲ್ಲ ತಂದು ಮಡಿಲಿಗೆ ಸುರಿಯುವ ಬಿಪಿ, ಶುಗರ್ ಮಾತ್ರೆಗಳನ್ನು ನೋಡಿ, ಯಾವುದು ಊಟಕ್ಕೆ ಮುಂಚೆ, ಯಾವುದು ಆಮೇಲೆ ಎಂದು ಹೇಳುವುದು, ಹೇಳುತ್ತಲೇ ಮೊರದ ತುಂಬ ಬೆಳ್ಳುಳ್ಳಿ ಸುಲಿಯುವುದು. ಈ ಸಲ ನನ್ನ ಚಿಕ್ಕಪ್ಪನ ಮಗ ಸಾದ್‌ನ ಮದುವೆ ನಿಶ್ಚಯವಾದ ಸುದ್ದಿ ಬಂದಾಗ ಚಪಾತಿ ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸಿ, ಒಂದೇ ಒಂದು ವಾರ ತನ್ನನ್ನು ಯಾರೂ ಭಾಬಿ ಎಂದು ಕರೆಯದ ಊರಿಗೆ ಹೋಗಿ, ಅಲ್ಲಿ ನೋಡುವಂಥದ್ದೆಲ್ಲ ನೋಡಬೇಕು, ಬೇಕಾದರೆ ಅಮ್ಮಿಗೆ, ಅಂದರೆ ನನ್ನ ತಾಯಿಗೆ, ನಿಜ ಹೇಳಿಯೇ ಹೋಗೋಣ ಎಂದಳು. ಸಿಟ್ಟಿನಿಂದ ಹೇಳಿದ್ದರೆ ನಾನೂ ಜಗಳ ಕಾಯುತ್ತಿದ್ದೆ; ಅವಳ ದನಿಯಲ್ಲಿದ್ದದ್ದು ಬರೀ ಸುಸ್ತು, ಅದಕ್ಕೇ ಕೂಡಲೇ ಒಪ್ಪಿಕೊಂಡೆ. ಆದರೆ ಅಮ್ಮಿಗೆ ನಿಜ ಹೇಳುವುದು ಉಂಟೇ? ಆಸ್ಪತ್ರೆಯ ಡ್ಯೂಟಿ ರೋಟಾ ಬಹಳ ಬಿಗಿ, ಈ ವರ್ಷ ರಜೆ ಸಿಗಲೇ ಇಲ್ಲ ಎಂದು ತಿಪಟೂರಿಗೆ ಫೋನಿನಲ್ಲಿ ಗೋಳಾಡಿ, ಮದುವೆಯಿಂದಲೂ ತಪ್ಪಿಸಿಕೊಂಡು, ಮಾರಿಷಸ್ಸಿಗೆ ಟಿಕೆಟ್ ತೆಗೆದೆ.

ತಮ್ಮ ದ್ವೀಪದ ಸೌಂದರ್ಯವನ್ನು ಎಷ್ಟು ಹೊಗಳಿದರೂ ಸಾಲದು. ಸಮುದ್ರದ ಪಕ್ಕದ ಹೋಟೆಲಿನವರು ಕಿಟಕಿ ತೆರೆದು, ನೋಡಿ ಸ್ವರ್ಗ, ಎಂದು ಹೆಮ್ಮೆಯಿಂದ ತೋರಿಸಿದ್ದು ತೆಂಗಿನಮರ. ತಿಪಟೂರಿನವನನ್ನು ಇಷ್ಟು ದೂರ ಹಾರಿಸಿ ತಂದು ತೆಂಗಿನಮರ ತೋರಿಸುವ ಧೈರ್ಯಕ್ಕೆ ಬಿರುದನ್ನೇ ಕೊಡಬೇಕು. ಫರೀದಾಗೆ ಮರವೂ ಬೇಡ, ಮರಳೂ ಬೇಡ, ರಾಜಧಾನಿ ನೋಡಬೇಕಿತ್ತು. ಸರಿ, ಟ್ಯಾಕ್ಸಿ ಮಾಡಿಕೊಂಡು ಬೆಳಿಗ್ಗೆಯೇ ಪೋರ್ಟ್ ಲೂಯಿಸ್‌ಗೆ ಬಂದು ಗುಡ್ಡದ ಮೇಲಿನ ಕೋಟೆ ಹತ್ತಿದೆವು. ಅಲ್ಲಿಂದ ಬಂದರು, ಹಡಗು, ಕುದುರೆ ರೇಸಿನ ಮೈದಾನ ಎಲ್ಲ ಅಂಗೈಯಲ್ಲಿಟ್ಟ ಹಾಗೆ ಕಾಣುತ್ತದೆ ಎಂದು ಅವಳು ಹೇಳಿದ್ದರಿಂದ ನನಗೂ ಗೊತ್ತಾಯಿತು, ಏಕೆಂದರೆ ನಾನು ನೋಡುತ್ತಿದ್ದದ್ದು ಮೆಟ್ಟಿಲು ಹತ್ತಿ ಬರುವವರ ಮುಖಗಳನ್ನು. ತಮ್ಮ ಊರಿನ ದೊಡ್ಡ ಲೋಪವೇ ಇದು ಸ್ವಾಮಿ: ಎದುರು ಬಂದ ಪ್ರತಿ ಎರಡನೆಯವರೂ ಥೇಟ್ ನಮ್ಮ ಕಡೆಯವರ ಹಾಗೆಯೇ ಕಾಣುತ್ತಾರೆ. ಸೆಂಟ್ರಲ್ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಮಾರುತ್ತಿದ್ದ ಹೆಂಗಸು ನನ್ನ ದೊಡ್ಡಮ್ಮನೇ ಎಂದು ಬೆದರಿ ಬಾಳೆಗೊನೆಯ ಹಿಂದೆ ಅಡಗಿದ್ದೆ. ಫರೀದಾ ಮಾತ್ರ ಬಿಸಿಬಿಸಿ ದಾಲ್‌ಪೂರಿ ತಿಂದು, ಬೆಲ್ಲ ಹಾಕಲು ಮರೆತ ಹೋಳಿಗೆಯಂತಿದೆ ಎಂದು ತೀರ್ಪು ಕೊಟ್ಟು, ಇನ್ನೊಂದು ಕೊಂಡಳು.

ಅಲ್ಲಿಂದ ತಮ್ಮ ಮ್ಯೂಸಿಯಮ್ಮಿಗೆ ಬರುವ ಸಲಹೆ ನನ್ನದೇ. ನಮ್ಮ ಕಡೆಯ ಪ್ಯಾಕೇಜ್ ಟೂರಿನವರು ಬೀಚಿಗೆ ಹೋದಾರು, ಗುಡಿಗೆ ಹೋದಾರು, ಶಾಪಿಂಗಿಗಂತೂ ಹೋಗಿಯೇ ಹೋದಾರು, ಆದರೆ ಮ್ಯೂಸಿಯಂ ಒಳಗೆ ಸತ್ತರೂ ಕಾಲಿಡುವುದಿಲ್ಲ ಎಂಬುದು ನನ್ನ ಅನುಭವಸಿದ್ಧ ಲೆಕ್ಕಾಚಾರ. ಒಳಗೆ ಬಂದು ತಮ್ಮನ್ನು ಕಂಡಾಗ ನನಗೆ ಎಷ್ಟೋ ಸಮಾಧಾನವಾಯಿತು. ಡುಮ್ಮ ಹೊಟ್ಟೆ, ಪುಟ್ಟ ರೆಕ್ಕೆ, ಎಲ್ಲ ಗೊತ್ತಿದೆ ಎಂಬಂಥ ಮುಖ. ವಾರ್ಡ್ ರೌಂಡಿಗೆ ಹೊರಟ ನಮ್ಮ ಹಿರಿಯ ಸರ್ಜನ್ನರನ್ನೇ ಕಂಡಂತಾಗಿ, ಟೋಪಿ ತೆಗೆದು, ಕೈ ಹಿಂದೆ ಕಟ್ಟಿ, ಕುತ್ತಿಗೆ ಮುಂದೆ ಚಾಚಿ, ತಮ್ಮ ಪಕ್ಕದಲ್ಲಿ ತಮ್ಮ ಹಾಗೆಯೇ ನಿಂತೆ. ಫರೀದಾ ನಕ್ಕಳು. ಸುಮ್ಮನೆ ತುಟಿಯಂಚಿನ ನಗುವಲ್ಲ. ಗೋಡೆಗೆ ಒರಗಿ, ಹೊಟ್ಟೆ ಹಿಡಿದು, ದುಪಟ್ಟಾ ಜಾರಿದ್ದೂ ತಿಳಿಯದಂತೆ ಬಿದ್ದು ಬಿದ್ದು ನಕ್ಕಳು.

ಆಗಲೇ ಹೊರಗೆ ಧೋ ಎಂದು ಮಳೆ ಸುರಿಯಿತು. ಮ್ಯಾಂಚೆಸ್ಟರಿನ ಮಳೆಯಿಂದ ತಪ್ಪಿಸಿಕೊಂಡು ಬಂದವನ ಮೇಲೆ ಆಕಾಶಕ್ಕೆ ಅಷ್ಟೊಂದು ಹಗೆ ಏಕೋ ಕಾಣೆ. ಬಾಗಿಲಲ್ಲಿ ದಬದಬ ಸದ್ದಾಗಿ, ನೆನೆದ ಒಂದು ಪ್ಯಾಕೇಜ್ ಟೂರು ಇಡಿಯಾಗಿ ಒಳಗೆ ನುಗ್ಗಿತು. ಎಲ್ಲರ ಮುಂದೆ ಬಂದವರು ತಿಪಟೂರಿನ ನಮ್ಮ ಎದುರುಮನೆಯ ದಾಕ್ಷಾಯಣಿ ಆಂಟಿ, ಅವರ ಹಿಂದೆ ಕುತ್ತಿಗೆಗೆ ಹೊಸ ಡಿಜಿಟಲ್ ಕ್ಯಾಮೆರಾ ನೇತುಹಾಕಿಕೊಂಡ ಜಯಪ್ರಕಾಶ್ ಅಂಕಲ್. ಅಯ್ಯಯ್ಯೋ, ಇದು ನಮ್ಮ ಅಮಾನ್ ಅಲ್ಲವೇನ್ರೀ ಎಂದು ಆಂಟಿ ಕೂಗುವ ಮೊದಲೇ, ತಾವು, ನಾನು, ನಗುತ್ತಿದ್ದ ಫರೀದಾ ಮೂವರೂ ಬರುವಂತೆ ಅಂಕಲ್ ಫೋಟೋ ಹೊಡೆದಾಗಿತ್ತು. ನಿಮ್ಮ ಅಮ್ಮಿಗೆ ತೋರಿಸಿದರೆ ಎಷ್ಟು ಸಂತೋಷಪಡುತ್ತಾರೆ ಎಂದು ಆಂಟಿ ನನ್ನ ಬೆನ್ನು ತಟ್ಟಿದರು. ಫರೀದಾಳ ನಗು ಅಲ್ಲೇ ಬತ್ತಿಹೋಯಿತು, ಮಿಕ್ಕ ದಿನಗಳಲ್ಲಿ ತಿರುಗಿ ಬರಲಿಲ್ಲ. ಅವಳ ಆ ಒಂದು ವಾರ ಹಾಳಾಯಿತಲ್ಲ ಎಂಬ ಸಂಕಟ ನನಗೆ ಈಗಲೂ ಇದೆ.

ಈಗ ಹೇಳಿ, ಇದರಲ್ಲಿ ತಪ್ಪು ಯಾರದು? ಹಡಗಿನಿಂದ ಇಳಿದ ಜನ ದೊಣ್ಣೆ ಎತ್ತಿಕೊಂಡು ಬಂದರೂ ತಮ್ಮವರು ಓಡದೆ, ಬಂದವರನ್ನು ಕುತೂಹಲದಿಂದ ನೋಡುತ್ತ ನಿಂತಿದ್ದರಂತೆ. ಎಂಥ ಸೌಜನ್ಯ, ಎಂಥ ಅತಿಥಿಸತ್ಕಾರ! ತಮ್ಮ ಪಕ್ಕದಲ್ಲಿ ನಿಂತ ದೋಷಕ್ಕೆ ಅದೇ ರೋಗ ನನಗೂ ಅಂಟಿತು. ಹಿಂಬಾಗಿಲು ಕೈಗೆಟಕುವಷ್ಟು ಹತ್ತಿರವಿದ್ದರೂ ಕುತ್ತಿಗೆ ಚಾಚಿಕೊಂಡೇ ನಿಂತುಬಿಟ್ಟೆ. ಆದಕಾರಣ ತಾವು ದಯಮಾಡಿ, ತಿಪಟೂರು ತಾಲ್ಲೂಕಿನವರು ಬಾಗಿಲಲ್ಲಿ ಕಾಣುತ್ತಲೇ ಗಾಜು ಒಡೆದುಕೊಂಡು ಓಡುವ ಅಭ್ಯಾಸವನ್ನು ಇನ್ನಾದರೂ ಮಾಡಿಕೊಳ್ಳಬೇಕು, ಅದು ಕಷ್ಟವಾದರೆ ಒಂದು ರೆಕ್ಕೆಯನ್ನಾದರೂ ಬಡಿದು ಎಚ್ಚರಿಸಬೇಕು, ಹಾಗೆಯೇ ಫೋಟೋದಲ್ಲಿರುವ ಗಂಡಸು ನಾನಲ್ಲ, ತಮ್ಮ ದೂರದ ಸಂಬಂಧಿಯೊಬ್ಬರು ಎಂದು ಕೊಕ್ಕಿನ ಗುರುತು ಒತ್ತಿದ ಪತ್ರವೊಂದನ್ನು ಅಮ್ಮಿಗೆ ಕೂಡಲೇ ಕಳಿಸಿಕೊಡಬೇಕು.

ಇಷ್ಟನ್ನು ಶನಿವಾರ ಬರೆದು, ಸಹಿ ಹಾಕುವುದೊಂದು ಬಾಕಿ ಇತ್ತು. ಭಾನುವಾರ ಅಮ್ಮಿಯ ಫೋನು ಬಂತು. ಫರೀದಾಳೇ ಬಂದು ಸ್ಪೀಕರ್ ಒತ್ತಿದಳು. ಅಮ್ಮಿ ರೋಟಾದ ಮಾತೆತ್ತಲಿಲ್ಲ, ಮದುವೆಯ ಮಾತೆತ್ತಲಿಲ್ಲ. ಮೊದಲು, ಆಂಟಿ ತೋರಿಸಿದ ಫೋಟೋದಲ್ಲಿರುವ ಆ ದೊಡ್ಡ ಕೋಳಿ ಯಾವ ದೇಶದ್ದು ಎಂದು ವಿಚಾರಿಸಿದಳು. ಆಮೇಲೆ, ಸೊಸೆಯಾಗಿ ಬಂದಾಗಿನಿಂದ ಫರೀದಾ ಹೀಗೆ ಬಾಯಿತುಂಬ ನಕ್ಕಿದ್ದನ್ನು ತಾನು ನೋಡಿಯೇ ಇಲ್ಲ, ತನ್ನ ಮನೆಯಲ್ಲಿ ಅವಳಿಗೆ ನಗುವಷ್ಟು ಪುರುಸೊತ್ತನ್ನೂ ಕೊಡಲಿಲ್ಲವಲ್ಲ ಎಂದಳು. ಫರೀದಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದಳು. ಅತ್ತ ಅಮ್ಮಿಯೂ ಅಳುತ್ತಿದ್ದಳು. ಆಮೇಲೆ ಇಬ್ಬರೂ ನನ್ನನ್ನು ಆಚೆ ಸರಿಸಿ ಬಹಳ ಹೊತ್ತು ಮಾತಾಡಿದರು, ಮಾತಿನ ನಡುವೆ ನಕ್ಕರು. ನಗುವಿನ ವಿಷಯ ನಾನೇ ಎಂದು ಬಾಗಿಲ ಮರೆಯಲ್ಲಿ ನಿಂತು ಖಾತ್ರಿ ಮಾಡಿಕೊಂಡೆ. ಬರುವ ವರ್ಷ ಸಾದ್‌ನ ತಂಗಿ ಖುಷ್ನುಮಾಳ ಮದುವೆಯಲ್ಲಿ ಫ್ಯಾನಿನ ಕೆಳಗೆ ಕಾಲು ಚಾಚುವುದು ಫರೀದಾ, ಬೆಳ್ಳುಳ್ಳಿ ಸುಲಿಯುವುದು ಡಾಕ್ಟರ್ ಸಾಹೇಬರು ಎಂದು ತೀರ್ಮಾನವಾಗಿದೆ.

ಹೀಗಾಗಿ ದೂರನ್ನು ಹಿಂದಕ್ಕೆ ಪಡೆಯಬೇಕೋ ಹೆಚ್ಚಿಸಬೇಕೋ ತಿಳಿಯದೆ, ಇದ್ದದ್ದನ್ನು ಇದ್ದ ಹಾಗೆಯೇ ತಮ್ಮ ಗಾಜಿನ ಪೆಟ್ಟಿಗೆಗೆ ಕಳಿಸುತ್ತಿದ್ದೇನೆ.

ಓಡಲು ಬಾರದ ಕುಲಕ್ಕೆ ಹೊಸದಾಗಿ ಸೇರಿದ,
ತಮ್ಮ ವಿಶ್ವಾಸಿ,
ಅಮಾನುಲ್ಲಾ

ತಾ.ಕ.: ಜಯಪ್ರಕಾಶ್ ಅಂಕಲ್ ಆ ಫೋಟೋವನ್ನು ದೊಡ್ಡದು ಮಾಡಿಸಿ ಕಟ್ಟು ಹಾಕಿಸಿ ಕೊಟ್ಟಿದ್ದಾರೆ, ಅಮ್ಮಿ ಅದನ್ನು ನಡುಮನೆಯ ಶೋಕೇಸಿನಲ್ಲಿ ಇಟ್ಟಿದ್ದಾಳೆ. ಆದ್ದರಿಂದ ಗಾಜಿನ ಹಿಂದೆ ನಿಲ್ಲುವ ಯೋಗ ಇನ್ನು ತಮಗೊಬ್ಬರಿಗೇ ಎಂದು ಬೀಗಬೇಕಾಗಿಲ್ಲ. ಬಂದವರು ಇದರಲ್ಲಿ ಡೋಡೋ ಯಾವುದು ಎಂದು ಕೇಳಿದರೆ, ಅಮ್ಮಿ ಒಂದು ಕ್ಷಣವೂ ಯೋಚಿಸದೆ ನನ್ನ ಮೇಲೆ ಬೆರಳಿಡುತ್ತಾಳಂತೆ.