ಕುಡಿಯಬಾರದಿದ್ದ ಕಾಫಿ

ಮುನೀಬನ ತೊಂದರೆಗಳಿಗೆಲ್ಲ ಮೂಲ ಅವನ ಮುಖ. ನಗಲು ಹೊರಟರೂ ನ್ಯಾಯಾಧೀಶರು ತೀರ್ಪು ಓದುವ ಹಾಗೆ ಕಾಣುತ್ತಿದ್ದ. ನಲವತ್ತು ದಾಟಿದರೂ ಮದುವೆಯಾಗದಿರುವುದಕ್ಕೆ ಆ ಮುಖವೇ ಕಾರಣವೆಂದು ಬಂದರಿನ ಊರು ಅಕಬಾದಲ್ಲಿದ್ದ ಅವನ ತಾಯಿ ಹೇಳುತ್ತಿದ್ದಳು. ಅಂಚೆ ಇಲಾಖೆ ಅವನನ್ನು ಕಡಲ ದಡದಿಂದ ಎತ್ತಿ ಸಲ್ತ್ ಊರಿನ ಗುಡ್ಡದ ಮೇಲೆ ಕೂರಿಸಿದಾಗ ಇನ್ನೊಂದು ಸತ್ಯ ತಿಳಿಯಿತು. ಒಂಟಿ ಗಂಡಸಿಗೆ ಹೆಣ್ಣಾದರೂ ಸಿಕ್ಕೀತು, ಬಾಡಿಗೆ ಮನೆ ಸಿಗುವುದಿಲ್ಲ.

ಕಂಡಕಂಡ ಮನೆಯವರೆಲ್ಲ ಎದೆಯ ಮೇಲೆ ಕೈಯಿಟ್ಟು, "ಇದು ಸಂಸಾರಸ್ಥರ ಕೇರಿ, ಉಸ್ತಾದ್" ಎಂದು ಮರ್ಯಾದೆಯಿಂದಲೇ ಸಾಗಹಾಕಿದರು. ಕೊನೆಗೆ ಅಬು ರಾಕಾನ್ ಎಂಬ ಯಜಮಾನ ತನ್ನ ಮನೆಯ ಮಾಳಿಗೆಯನ್ನು ಅರೆಮನಸ್ಸಿನಿಂದ ಕೊಟ್ಟ.

"ಒಂದು ತಿಂಗಳು ಇರಿ ಉಸ್ತಾದ್. ಕೇರಿಯವರು ಒಳ್ಳೇ ಮನುಷ್ಯ ಅಂದ್ರೆ ಮುಂದುವರಿಸೋಣ. ಏನಾದ್ರೂ ಮಾತು ಬಂತು ಅಂದ್ರೆ ನನ್ನ ಮೇಲೆ ಬೇಜಾರು ಮಾಡ್ಕೋಬೇಡಿ."

ಆ ಮಾಳಿಗೆಗೆ ನೀಲಿ ಬಣ್ಣದ ಒಂದು ಕಿಟಕಿಯಿತ್ತು. ತೆರೆದರೆ ಕಣಿವೆಯಾಚೆ ಎದುರು ಗುಡ್ಡದ ಹಳದಿ ಕಲ್ಲಿನ ಮನೆಗಳು ಒಂದರ ಹೆಗಲ ಮೇಲೊಂದು ಕೂತಿರುವುದು ಕಾಣುತ್ತಿತ್ತು. ಕಡಲು ನೋಡಿ ಬೆಳೆದ ಕಣ್ಣಿಗೆ ದೂರ ಬೇಕು. ಕೆಲಸದಿಂದ ಬಂದವನೇ ಮುನೀಬ್ ಕತ್ತಲಾಗುವವರೆಗೂ ಅಲ್ಲಿ ನಿಂತಿರುತ್ತಿದ್ದ. ಆ ಕಿಟಕಿಯನ್ನು ಬಿಟ್ಟು ಹೋಗಲು ಅವನಿಗೆ ಮನಸ್ಸಿರಲಿಲ್ಲ.

ಮೊದಲ ಶುಕ್ರವಾರ ರಜೆ ಬಂತು. ಊರು ನೋಡಿಕೊಂಡು ಬರೋಣವೆಂದು ಹೊರಟ. ಕೇರಿಯವರ ಕಣ್ಣಿಗೆ ಸಭ್ಯನಾಗಿ ಕಾಣಲಿ ಎಂದು ಇದ್ದೊಂದೇ ಕರಿ ಕೋಟು ತೊಟ್ಟ. ತಿಂಡಿಯನ್ನು ಪೇಟೆಯಲ್ಲಿ ತಿಂದರಾಯಿತು ಎಂದುಕೊಂಡ. ಆದರೆ ಸಲ್ತ್‌ನಲ್ಲಿ ಬೀದಿಗಿಂತ ಮೆಟ್ಟಿಲು ಹೆಚ್ಚು. ಇಳಿದದ್ದು ಒಂದು ಕಡೆ, ಸೇರಿದ್ದು ಇನ್ನೊಂದು ಕಡೆ. ಯಾರದೋ ಅಂಗಳ, ಯಾರದೋ ಕೋಳಿಗೂಡು, ಒಗೆದ ಬಟ್ಟೆ ಎಲ್ಲವನ್ನೂ ದಾಟಿ, ಕಂಡವರಿಗೆಲ್ಲ ತಾನು ಯಾರ ಬಾಡಿಗೆದಾರನೆಂದು ವರದಿ ಒಪ್ಪಿಸಿ ಪೇಟೆ ಮುಟ್ಟುವಾಗ ಅಂಗಡಿಗಳೆಲ್ಲ ಜುಮಾ ನಮಾಜಿಗೆ ಬಾಗಿಲು ಹಾಕಿದ್ದವು. ನಮಾಜು ಮುಗಿಸಿ ಖಾಲಿ ಹೊಟ್ಟೆಯಲ್ಲೇ ಮತ್ತೆ ಮೆಟ್ಟಿಲು ಹತ್ತಿದ.

ಕೇರಿಯ ತಿರುವಿನಲ್ಲಿ ಕ್ಷೌರಿಕ ಜಿರಿಯಿಸ್ ಅವನನ್ನು ಕಂಡು ಕೋಟಿನ ತೋಳು ಹಿಡಿದ. ಹಿಂದೆಯೇ ಅಬು ರಾಕಾನ್, ಅವನ ಮಗ ರಾಕಾನ್, ಒಗೆದು ಇಸ್ತ್ರಿ ಮಾಡಿದಂತಿದ್ದ ಹತ್ತಿಪ್ಪತ್ತು ಗಂಡಸರು.

"ಸಿಕ್ಕಿದ್ರು ನೋಡಿ ಅಬು ರಾಕಾನ್. ಇಂಥ ಮುಖ ನಮ್ಮ ಕೇರೀಲೇ ಇರುವಾಗ ಹಿರಿಯ ಬೇಕು ಅಂತ ಊರೆಲ್ಲ ಯಾಕೆ ಹುಡುಕ್ತೀರಿ?"

ವಿಷಯವಿಷ್ಟೆ. ರಾಕಾನಿಗೆ ಎದುರು ಗುಡ್ಡದ ಹಾಜಿ ಮುಫ್ಲಿಹನ ಮಗಳನ್ನು ಕೇಳಲು ಹಿರಿಯರ ತಂಡ ಹೊರಟಿತ್ತು. ಹೆಂಗಸರು ಎಲ್ಲವನ್ನೂ ಒಳಗೊಳಗೇ ಮಾತಾಡಿ ಮುಗಿಸಿದ್ದರು. ಉಳಿದದ್ದು ಗಂಡಸರ ಶಾಸ್ತ್ರ. ಆದರೆ ತಂಡದ ಪರವಾಗಿ ಮಾತಾಡಬೇಕಿದ್ದ ಹಿರಿಯನಿಗೆ ಹಲ್ಲುನೋವು ಬಂದು ಕೆನ್ನೆ ಬದನೆಕಾಯಿಯ ಹಾಗೆ ಊದಿತ್ತು.

"ನಂಗೆ ಮಾತಾಡೋಕೆ ಬರಲ್ಲ" ಎಂದ ಮುನೀಬ್.

"ಮಾತು ಯಾರಿಗೆ ಬೇಕು?" ಎಂದ ಜಿರಿಯಿಸ್. "ನೀವು ಸುಮ್ನೆ ಕೂತ್ರೆ ಸಾಕು, ತಂದೆಯಾದವನು ಹೆದರಿ ಮಗಳನ್ನ ಕೊಡ್ತಾನೆ."

ಅಬು ರಾಕಾನ್ ದನಿ ತಗ್ಗಿಸಿದ. "ಇದೊಂದು ನಡೆಸಿಕೊಡಿ ಉಸ್ತಾದ್. ಮನೆ ವಿಷಯ ಆಮೇಲೆ ನಿಮಗೆ ಚಿಂತೆನೇ ಬೇಡ."

ಮುನೀಬನ ಕಣ್ಣ ಮುಂದೆ ನೀಲಿ ಕಿಟಕಿ ಸುಳಿಯಿತು. ಒಪ್ಪಿದ. ಗುಡ್ಡ ಇಳಿದು ಗುಡ್ಡ ಹತ್ತುವ ದಾರಿಯುದ್ದಕ್ಕೂ ಜಿರಿಯಿಸ್ ಪಾಠ ಹೇಳಿದ. "ಕಾಫಿ ಕೊಡ್ತಾರೆ. ಕುಡೀಬೇಡಿ, ಮುಂದೆ ಇಟ್ಕೊಳ್ಳಿ. ಹುಡುಗಿ ಅಪ್ಪ 'ಕುಡೀರಿ, ಕೇಳಿದ್ದು ಕೊಟ್ಟೆ' ಅಂದ ಮೇಲೆ ಕುಡೀರಿ."

"ನಾನೂ ಇದೇ ದೇಶದವನಪ್ಪ. ಗೊತ್ತು."

ಗೊತ್ತಿತ್ತು ನಿಜ. ಆದರೆ ಹಾಜಿ ಮುಫ್ಲಿಹನ ಪಡಸಾಲೆಯಲ್ಲಿ ಎರಡೂ ಕಡೆಯ ಹಿರಿಯರು ಸಾಲಾಗಿ ಕೂತಾಗ, ಏಲಕ್ಕಿಯ ಘಮ ಏಳುವ ಪುಟ್ಟ ಬಟ್ಟಲು ಅವನ ಕೈಗೆ ಬಂದಾಗ, ಬೆಳಗಿನಿಂದ ಉರಿಯುತ್ತಿದ್ದ ಹೊಟ್ಟೆ ತಲೆಯನ್ನು ಕೇಳಲಿಲ್ಲ. ಅವನು ಒಂದೇ ಗುಟುಕಿಗೆ ಕುಡಿದು, ತುಟಿ ಒರೆಸಿಕೊಂಡ.

ಯಾರದೋ ಜಪಮಣಿ ಉರುಳುವುದು ನಿಂತಿತು.

ಹಾಜಿ ಮುಫ್ಲಿಹ್ ಗಡ್ಡ ನೀವಿಕೊಂಡು ಮೆಲ್ಲಗೆ ಹೇಳಿದ. "ಕೇಳೋದು ಏನೂ ಇಲ್ಲ ಅಂತಾಯ್ತು. ಕಾಫಿಗೆ ಬಂದಿರಿ, ಕುಡಿದಿರಿ. ಸಂತೋಷ."

ರಾಕಾನ್ ತಲೆ ತಗ್ಗಿಸಿದ. ಅವನ ಅಪ್ಪ ಮುನೀಬನ ಕಿವಿಯ ಬಳಿ ಬಾಗಿದ. "ಇವತ್ತೇ ಗಂಟುಮೂಟೆ ಕಟ್ಟಿ."

ಮುನೀಬ್ ಎದ್ದು ನಿಂತ. ಮುಖ ಎಂದಿನಂತೆ ಗಂಭೀರವಾಗಿತ್ತು.

"ಹಾಜಿ, ತಪ್ಪು ಹುಡುಗಂದಲ್ಲ, ಅವರಪ್ಪಂದೂ ಅಲ್ಲ. ನನ್ನ ಹೊಟ್ಟೇದು. ಊರಿಗೆ ಹೊಸಬ, ನೋಡಿಕೊಂಡು ಬರೋಣ ಅಂತ ಬೆಳಿಗ್ಗೆ ಹೊರಟೆ, ಒಂದು ತುತ್ತೂ ತಿಂದಿಲ್ಲ. ಆ ಬಟ್ಟಲನ್ನ ಹಸಿದವನು ಕುಡಿದ ಅಂದ್ಕೊಳ್ಳಿ. ಇನ್ನೊಂದು ಹಾಕಿಸಿ. ರಾಕಾನಿಗೆ ಮಗಳನ್ನ ಕೊಟ್ಟೆ ಅನ್ನೋವರೆಗೂ ಅದನ್ನ ಮುಟ್ಟಲ್ಲ, ಇಲ್ಲಿಂದ ಏಳೋದೂ ಇಲ್ಲ."

ಹಾಜಿ ಅವನ ಮುಖವನ್ನೇ ನೋಡಿದ. ಆಮೇಲೆ ಸನ್ನೆ ಮಾಡಿದ, ಎರಡನೇ ಬಟ್ಟಲು ಬಂತು. ಮುನೀಬ್ ಅದನ್ನು ಮಗುವನ್ನು ಮಲಗಿಸುವ ಹಾಗೆ ಕೆಳಗಿಟ್ಟ.

"ಎಷ್ಟೋ ತಂಡ ನೋಡಿದೀನಿ" ಎಂದ ಹಾಜಿ. "ಎಲ್ಲರೂ ನಮ್ಮ ವಂಶ, ನಮ್ಮ ಖಡ್ಗ ಅಂತ ಶುರು ಮಾಡ್ತಾರೆ. ಹಸಿವು ಅಂತ ನಿಜ ಹೇಳಿದವರು ನೀವೊಬ್ಬರೇ. ಆದ್ರೆ ಕೇಳೋಕೆ ಮೊದಲೇ ನನ್ನ ಕಾಫಿ ಕುಡಿದಿರಿ. ಹಾಗಾಗಿ ಮೊದಲು ಕೇಳೋ ಹಕ್ಕು ನಂದು. ಒಂದು ಷರತ್ತಿದೆ."

"ಏನೇ ಇರಲಿ, ಒಪ್ಪಿದೆ. ನನ್ನ ತಲೆ ಮೇಲೆ, ಕಣ್ಣ ಮೇಲೆ." ಜಿರಿಯಿಸ್ ಕೋಟು ಜಗ್ಗುವಷ್ಟರಲ್ಲಿ ಮುನೀಬನ ಬಾಯಿಂದ ಮಾತು ಹೊರಬಿದ್ದಿತ್ತು.

ಹಾಜಿ ಅವನ ಕೈ ಹಿಡಿದು ಅಂಗಳದ ಗೋಡೆಯವರೆಗೆ ಕರೆದುಕೊಂಡು ಹೋದ.

"ನಂಗೆ ಒಬ್ಬಳೇ ಮಗಳು. ಅತ್ತೆ ಜೊತೆ ಒಂದೇ ಅಡುಗೆಮನೆ ಅಂತ ಅವಳಮ್ಮ ಅಳ್ತಾ ಕೂತಿದಾಳೆ. ಮಗಳ ಸಂಸಾರ ಬೇರೆ ಇರಬೇಕು, ಈ ಅಂಗಳದಿಂದ ನಮ್ಮ ಕಣ್ಣಿಗೆ ಕಾಣಬೇಕು. ಅದೋ, ಅಬು ರಾಕಾನ್ ಮಾಳಿಗೆ. ಆ ನೀಲಿ ಕಿಟಕಿ. ವಾರದಿಂದ ಯಾವನೋ ಸಂಜೆಯಾದ್ರೆ ಅಲ್ಲಿ ನಿಂತು ನಮ್ಮನೆ ಕಡೇನೇ ನೋಡ್ತಿರ್ತಾನೆ. ಮೊದಲು ಅವನನ್ನ ಬಿಡಿಸಿ."

ಮುನೀಬ್ ನೋಡಿದ. ಕಿಟಕಿಯ ಕಂಬಿಯ ಮೇಲೆ ಅವನದೇ ಟವೆಲ್ಲು ಒಣಗುತ್ತಿತ್ತು. ಇಲ್ಲಿಂದ ಆ ಕಿಟಕಿ ಇನ್ನೂ ಚೆನ್ನಾಗಿ ಕಾಣುತ್ತಿತ್ತು.

"ಉಸ್ತಾದ್ ಮಾತು ಅಂದ್ರೆ ನನ್ನ ಮಾತು" ಎಂದ ಹಿಂದೆಯೇ ಬಂದಿದ್ದ ಅಬು ರಾಕಾನ್, ಎದೆಯ ಮೇಲೆ ಕೈಯಿಟ್ಟು.

"ಹಾಗಾದ್ರೆ ಕುಡೀರಿ, ಕೇಳಿದ್ದು ಕೊಟ್ಟೆ" ಎಂದ ಹಾಜಿ. ಒಳಗೆ ಹೆಂಗಸರ ಸಂಭ್ರಮದ ಉಲಿ ಎದ್ದಿತು. ಮುನೀಬ್ ಪಡಸಾಲೆಗೆ ಮರಳಿ ಆರಿಹೋದ ಕಾಫಿಯನ್ನು ಕುಡಿದ. ಅಷ್ಟು ಕಹಿಯಾದ ಕಾಫಿಯನ್ನು ಅವನು ಜನ್ಮದಲ್ಲಿ ಕುಡಿದಿರಲಿಲ್ಲ.

ವಾಪಸು ಬರುವಾಗ ಜಿರಿಯಿಸ್ ಅವನ ಹೆಗಲ ಮೇಲೆ ಕೈ ಹಾಕಿದ. "ನಿಮ್ಮಂಥವರು ನಮ್ಮ ಕೇರೀಲಿ ಇರಬೇಕು ಉಸ್ತಾದ್."

"ಇಡೀ ಕೇರಿ ನಿಮ್ಮನ್ನ ಹೊಗಳ್ತಿದೆ" ಎಂದ ಅಬು ರಾಕಾನ್. "ಗುರುವಾರದೊಳಗೆ ಖಾಲಿ ಮಾಡಿದ್ರೆ ಸುಣ್ಣ ಬಳಿಸ್ತೀನಿ."

ಮುಂದಿನ ಶುಕ್ರವಾರ ಮುನೀಬ್ ಹೊಟ್ಟೆ ತುಂಬ ತಿಂದು, ಅದೇ ಕರಿ ಕೋಟು ತೊಟ್ಟು ಮತ್ತೆ ಊರು ನೋಡಲು ಹೊರಟ. ಈ ಸಲ ಅವನ ಹೆಸರು ಅವನಿಗಿಂತ ಮುಂದೆ ನಡೆದಿತ್ತು. ಮೊದಲು ಬಾಗಿಲು ತಟ್ಟಿದ ಮನೆಯಲ್ಲೇ ಯಜಮಾನ ಕೈ ಹಿಡಿದು ಕರೆದು, ದಿಂಬು ಕೊಟ್ಟು ಕೂರಿಸಿ, ಕಾಫಿ ತರಿಸಿದ. ಮುನೀಬ್ ಬಟ್ಟಲನ್ನು ಮುಟ್ಟದೆ ಕೆಳಗಿಟ್ಟ.

ಯಜಮಾನನ ಮುಖ ಅರಳಿತು. "ಕುಡೀರಿ ಉಸ್ತಾದ್, ಕೇಳಿದ್ದು ಕೊಟ್ಟೆ. ಹುಡುಗ ಯಾರ ಮನೆಯವನು?"

"ಹುಡುಗ ಯಾರೂ ಇಲ್ಲ. ನನಗೇ ಒಂದು ಬಾಡಿಗೆ ಕೋಣೆ ಬೇಕಿತ್ತು."

ಯಜಮಾನ ಬಾಗಿಲ ಕಡೆ ನೋಡಿದ. ಆಮೇಲೆ ಎದೆಯ ಮೇಲೆ ಕೈಯಿಟ್ಟು ಬಟ್ಟಲನ್ನು ಅವನತ್ತ ಸರಿಸಿದ.

"ಇದು ಸಂಸಾರಸ್ಥರ ಕೇರಿ, ಉಸ್ತಾದ್. ಕಾಫಿ ಆರಿಹೋಗುತ್ತೆ, ಕುಡೀರಿ."