ಅತ್ತೆಯ ಹಂಚು ಬೆಳಗಿದ ಕಥೆ

ಆಳಂದದಲ್ಲಿ ಶಿರಸ್ತೆದಾರನಾಗಿ ನಿವೃತ್ತನಾದ ಮೇಲೆ ನನ್ನ ಆಡಳಿತ ಸಾಮರ್ಥ್ಯ ತುಕ್ಕು ಹಿಡಿಯಬಾರದೆಂದು ಮನೆಯ ಸ್ವಚ್ಛತಾ ಇಲಾಖೆಯನ್ನು ವಹಿಸಿಕೊಂಡೆ. ಯಾರೂ ವಹಿಸಿರಲಿಲ್ಲ. ನಾನೇ ವಹಿಸಿಕೊಂಡೆ!

"ನೀವು ಕಟ್ಟಿ ಮ್ಯಾಲ ಕೂತು ಪೇಪರ್ ಓದ್ರಿ. ಅಷ್ಟ್ ಮಾಡಿದ್ರ ದೊಡ್ಡ ಉಪಕಾರ" ಎಂದಳು ಹೆಂಡತಿ ಶಾಂತಾಬಾಯಿ. ಒಳ್ಳೆಯ ಕೆಲಸಕ್ಕೆ ಇಂಥ ಆಕ್ಷೇಪಣೆಗಳು ಕಚೇರಿಯಲ್ಲೂ ಬರುತ್ತಿದ್ದವು. ನಾನು ಲಕ್ಷ್ಯ ಕೊಡಲಿಲ್ಲ.

ಸೋಮವಾರ ಜೇಡರ ಬಲೆ, ಮಂಗಳವಾರ ನೆಲದ ಫರಸಿ ತೊಳೆಯುವುದು, ಹೀಗೆ ಎಲ್ಲವೂ ಸುಸೂತ್ರವಾಗಿ ನಡೆದಿತ್ತು. ಅಡುಗೆಮನೆಗೆ ಸುಣ್ಣವನ್ನೂ ಹೊಡೆಸಿದ್ದೆ. ಅಷ್ಟರಲ್ಲಿ ಹಿರೋಳ್ಳಿಯಿಂದ ಶಾಂತಾಳ ಅಣ್ಣ ಬಸಣ್ಣ ಊಟಕ್ಕೆ ಬರುವ ಸುದ್ದಿ ಬಂತು. ಅವರ ತಾಯಿ ತೀರಿಕೊಂಡ ಮೇಲೆ ಆತ ನಮ್ಮಲ್ಲಿಗೆ ಬರುತ್ತಿರುವುದು ಅದೇ ಮೊದಲು. ತಾಯಿಯ ನೆನಪಿಗೆಂದು ಶಾಂತಾ ತವರಿನಿಂದ ತಂದದ್ದು ಒಂದೇ ವಸ್ತು, ರೊಟ್ಟಿ ಸುಡುವ ಕಬ್ಬಿಣದ ಹಂಚು.

"ಅವ್ವನ ಹಂಚಿನ ಮ್ಯಾಲ ಅಣ್ಣಗ ರೊಟ್ಟಿ ಮಾಡಿ ಹಾಕ್ತೇನಿ" ಎಂದು ವಾರವಿಡೀ ಹಿಗ್ಗಿದ್ದಳು.

ಅಂದು ಬೆಳಿಗ್ಗೆ ಆಕೆ ಕಾಯಿಪಲ್ಯ ತರಲು ಹೋದಾಗ ಒಲೆಯ ಹಿಂದೆ ಆ ಹಂಚು ಕಣ್ಣಿಗೆ ಬಿತ್ತು. ಕರ್ರಗೆ ಇದ್ದಿಲಿನಂತಿತ್ತು. ತಾಯಿಯ ವಸ್ತುವನ್ನು ತಂಗಿ ಹೀಗೆ ಇಟ್ಟುಕೊಂಡಿದ್ದಾಳೆಂದು ಬಸಣ್ಣ ನೊಂದುಕೊಂಡರೆ? ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ. ನನಗೆ ಹಂಚು ಸಿಕ್ಕಿತು. ಹುಣಸೆಹುಳಿ, ಬೂದಿ, ಇಟ್ಟಂಗಿ ಪುಡಿ ಹಾಕಿ ಬೆರಳು ಸುಲಿಯುವಂತೆ ತಿಕ್ಕಿದೆ. ಕೊನೆಗೆ ಅದರಲ್ಲಿ ಮುಖ ಕಂಡಿತು. ಅದು ಮೂರ್ಖನ ಮುಖವೆಂದು ಆಗ ತಿಳಿಯಲಿಲ್ಲ.

ಶಾಂತಾ ಬಂದು ಚೀಲವನ್ನು ಕೆಳಗಿಟ್ಟಳು. ಹಂಚು ನೋಡಿದಳು. ಅಲ್ಲೇ ಕುಳಿತಳು.

"ಅವ್ವ ವರ್ಷಾನುಗಟ್ಲೆ ಎಣ್ಣಿ ಉಣಿಸಿ ಕರಿ ಮಾಡಿದ್ಲು. ಇನ್ನ ಇದಕ್ಕ ರೊಟ್ಟಿ ಹತ್ಕೋತಾವ್ರಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಕೆಯ ಕಣ್ಣು ತುಂಬಿ ಬಂತು.

ಸಂಗತಿ ತಿಳಿದು ಪಕ್ಕದ ಮನೆಯ ಖಾಜಾಬಿ ತನ್ನ ಹಂಚು ತಂದುಕೊಟ್ಟಳು. ಅವ್ವನ ಹಂಚೇ ಆಗಬೇಕೆಂದು ಶಾಂತಾ ಒಲ್ಲೆನೆಂದಳು. ಆಗ ಖಾಜಾಬಿ ನನ್ನ ಕಡೆ ತಿರುಗಿ, "ಕುಸುಬಿ ಎಣ್ಣಿ ಹಚ್ಚಿ ಕಾಯಿಸ್ರಿ ಅಣ್ಣಾ. ಮತ್ತ ಎಣ್ಣಿ ಥೋಡಾನೇ ಇರ್ಲಿ" ಎಂದಳು.

ಸ್ವಲ್ಪ ಎಣ್ಣೆಯಿಂದ ನಿಧಾನವಾಗಿ ಆಗುವ ಕೆಲಸ ಬಹಳ ಎಣ್ಣೆಯಿಂದ ಬೇಗ ಆಗಬೇಕಲ್ಲವೇ? ಧಾರಾಳವಾಗಿ ಸುರಿದು ಒಲೆ ಉರಿಸಿದೆ. ಹೊಗೆ ಎದ್ದಿತು ನೋಡಿ! ಹೊಸ ಸುಣ್ಣದ ಗೋಡೆ ಕಪ್ಪಾಯಿತು. ನನ್ನ ಬಿಳಿ ಧೋತರವೂ ಕಪ್ಪಾಯಿತು. ಹಂಚೊಂದು ಮಾತ್ರ ಹೊಳೆಯುತ್ತಲೇ ಇತ್ತು.

ಅದೇ ಹೊಗೆಯಲ್ಲಿ ಬಸಣ್ಣ ಕೆಮ್ಮುತ್ತ ಒಳಗೆ ಬಂದ. "ಏನವ್ವಾ ಶಾಂತಾ, ಒಲಿ ಹಚ್ಚೀಯೋ ಮನಿ ಹಚ್ಚೀಯೋ?"

ಶಾಂತಾ ಅದೇ ಹಂಚಿನ ಮೇಲೆ ರೊಟ್ಟಿ ಹಾಕತೊಡಗಿದಳು. ಹಾಕಿದ ರೊಟ್ಟಿಯೆಲ್ಲ ಹಂಚಿಗೆ ಅಂಟಿ ಹರಿದು ಚಿಂದಿಯಾಗುತ್ತಿತ್ತು. ಆ ಬಿಸಿ ಚೂರುಗಳನ್ನೇ ಬಳ್ಳೊಳ್ಳಿ, ಖಾರ, ಉಪ್ಪು, ಎಣ್ಣೆ ಹಾಕಿ ಕುಟ್ಟಿ, ಮುಷ್ಟಿಯಲ್ಲಿ ಉಂಡೆ ಕಟ್ಟಿ ಮುಟಗಿ ಮಾಡಿ, ತಲೆ ತಗ್ಗಿಸಿಕೊಂಡು ಅಣ್ಣನ ಮುಂದಿಟ್ಟಳು. ಬಸಣ್ಣ ಒಂದು ತುತ್ತು ತಿಂದು, ಹಂಚಿನ ಕಡೆ ನೋಡಿದ. ನನ್ನ ಧೋತರದ ಕಡೆಯೂ ನೋಡಿದ.

"ಒಮ್ಮಿ ಅಪ್ಪನೂ ಇದನ್ನ ತಿಕ್ಕಿ ಬೆಳಗಿದ್ದ. ಅವತ್ತೂ ಅವ್ವ ಹಿಂಗೇ ಮುಟಗಿ ಮಾಡಿ ಹಾಕಿದ್ಲು. ಇದೇ ರುಚಿ ಇತ್ತು."

ಶಾಂತಾ ಅಳುತ್ತಲೇ ನಕ್ಕಳು. ನನಗೆ ಜೀವ ಬಂತು. ಧೈರ್ಯ ಮಾಡಿ, "ಮುಂದ ಮಾವನೋರ ಗತಿ ಏನಾಯ್ತು?" ಎಂದು ಕೇಳಿದೆ.

"ಅದು ಕರಿ ಆಗೋತನಕ ಅಪ್ಪನೇ ದಿನಾ ಎಣ್ಣಿ ಹಚ್ಚಿದ್ನರಿ ಸಾಹೇಬ್ರ."

ಹಾಗಾಗಿ ಈಗ ಸ್ವಚ್ಛತಾ ಇಲಾಖೆ ಮತ್ತೆ ಶಾಂತಾಳ ಕೈಗೆ ಹೋಗಿದೆ. ನನ್ನ ಪಾಲಿಗೆ ಉಳಿದದ್ದು ಒಂದೇ ಕೆಲಸ, ಹಂಚನ್ನು ಕರಿ ಮಾಡುವುದು. ದಿನಾ ಸಂಜೆ ಅರಿವೆಯ ತುದಿಯಿಂದ ಥೋಡಾ ಎಣ್ಣೆ ಹಚ್ಚಿ ಕಾಯಿಸಿ, ಪರಿಶೀಲನೆಗೆ ಒಪ್ಪಿಸುತ್ತೇನೆ. ನಿನ್ನೆಯೂ ಆಕೆ ಅದನ್ನು ಬೆಳಕಿಗೆ ಹಿಡಿದು ನೋಡಿದಳು.

"ಇನ್ನೂ ಸ್ವಚ್ಛ ಕಾಣ್ತದ್ರಿ. ಮತ್ತೊಮ್ಮಿ ಹಚ್ಚಿ ತರ್ರಿ."